ತಟ್ಟೆ ಮಗುಚಿ ನೋಡುವವರು

ನಮ್ಮೂರ ಕಡೆ ಮದುವೆಗೆ ಕೊಡುವ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು, ತಾರೀಖು ಕೊರೆಸುತ್ತಿದ್ದರು. ಯಾರ ಮನೆ ಪಾತ್ರೆ ಯಾರ ಮನೆಗೆ ಸೇರಿದೆ ಅಂತ ತಕರಾರು ಬಂದರೆ ಅಮ್ಮ ಒಮ್ಮೆ ಮಗುಚಿ ನೋಡೋಳು, ಪಂಚಾಯ್ತಿ ಮುಗೀತು. ಹಾಗಾಗಿ ಪಾತ್ರೆ ತಳದಲ್ಲಿ ಬರೆದದ್ದು ಸುಳ್ಳಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಹೊಳೆದದ್ದು ಟೋಕಿಯೋದಲ್ಲಿ, ಆನ್‌ಸೈಟ್ ಹೋಗಿದ್ದಾಗ, ಐದು ಸಾವಿರ ಯೆನ್ ಎಣಿಸಿ ಕೊಟ್ಟಾದ ಮೇಲೆ.

ಭಾನುವಾರದ ಹಳೇ ಸಾಮಾನಿನ ಸಂತೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ, ನೀಲಿ ಬಳ್ಳಿಯ ಪಿಂಗಾಣಿ ತಟ್ಟೆ. ಹಿಂದೆ ಆರು ಚೀನೀ ಅಕ್ಷರ. 'ಎಡೋ, ಎಡೋ' ಅಂದ ಅಂಗಡಿಯವ. ಇನ್ನೂರು ವರ್ಷ ಹಳೇದು ಅಂತ ಸಿಕ್ಕವರಿಗೆಲ್ಲ ಫೋಟೋ ಕಳಿಸಿದೆ. ಬೆಂಗಳೂರಿಗೆ ಬಂದ ಮೇಲೆ ಹೆಂಡತಿ ಷೋಕೇಸಿನಲ್ಲಿಟ್ಟು ಬೀಗ ಹಾಕಿದಳು.

ಆ ಆರು ಅಕ್ಷರ ಓದಿಸಿದ್ದು ಜಪಾನಿ ಸಹೋದ್ಯೋಗಿಯ ಕೈಲಿ. 'ಮಹಾ ಮಿಂಗ್, ಚೆಂಗ್‌ಹುವಾ ಕಾಲದಲ್ಲಿ ಮಾಡಿದ್ದು' ಅಂತಿತ್ತು. ಚೆಂಗ್‌ಹುವಾ ಚೀನಾದ ದೊರೆ, ಆಳಿದ್ದು 1487ರವರೆಗೆ. ಜಪಾನಿನಲ್ಲಿ ಪಿಂಗಾಣಿ ಶುರುವಾದದ್ದೇ 1610ರ ದಶಕದಲ್ಲಿ, ಕ್ಯೂಶೂ ದ್ವೀಪದ ಅರಿಟಾದಲ್ಲಿ. ಹಿದೆಯೋಶಿ ಕೊರಿಯಾ ಮೇಲೆ ದಂಡೆತ್ತಿ ಹೋದಾಗ ಹಿಡಿದು ತಂದ ಕುಂಬಾರರಿಂದ. ಅಂದರೆ ನನ್ನ ತಟ್ಟೆ ತನ್ನ ಕುಲುಮೆಗಿಂತ ನೂರಿಪ್ಪತ್ತು ವರ್ಷ ಮೊದಲೇ ಹುಟ್ಟಿತ್ತು! ಇದನ್ನು ಪೂರ್ತಿ ಮೋಸ ಅನ್ನೋಕೂ ಆಗಲ್ಲ. ಚೀನಾ ಮಾಲು ಅಂದರೆ ಮರ್ಯಾದೆ ಇದ್ದ ಕಾಲದಲ್ಲಿ ಅರಿಟಾದವರು ಆ ಮುದ್ರೆಯನ್ನು ಅಲಂಕಾರದಂತೆ ಬರೀತಿದ್ದರು, ಆಮೇಲೆ ಅದೇ ರೂಢಿಯಾಯಿತು. ಅಷ್ಟೇಕೆ, 'ಇಮಾರಿ' ಅಂತ ಜಗತ್ತು ಕರೆಯುವ ಪಾತ್ರೆಗಳು ತಯಾರಾಗುತ್ತಿದ್ದದ್ದು ಇಮಾರಿಯಲ್ಲಲ್ಲ. ಅದು ಹಡಗಿಗೆ ಹೇರುತ್ತಿದ್ದ ಬಂದರು.

ಹಾಗಂತ ಮುದ್ರೆ ಪೂರ್ತಿ ವ್ಯರ್ಥವೇನಲ್ಲ. ಅಮೆರಿಕಕ್ಕೆ ಹೋದ ಮಾಲಾದರೆ 1891ರಿಂದ ದೇಶದ ಹೆಸರು ಕಡ್ಡಾಯ. ಹಾಗಾಗಿ 'ನಿಪ್ಪೋನ್' ಅಂತಿದ್ದರೆ ಸುಮಾರು 1921ರ ಒಳಗಿನದು, 'ಜಪಾನ್' ಅಂತಿದ್ದರೆ ಆಮೇಲಿನದು ಅನ್ನೋ ಲೆಕ್ಕ ಉಂಟು. ಆದರೆ ಇದನ್ನು ನಕಲು ಮಾಡೋರೂ ಓದಿಕೊಂಡಿದ್ದಾರೆ. ನೊರಿಟಾಕೆಯ ಹಳೇ ಮುದ್ರೆಯಲ್ಲಿ ಹೂಮಾಲೆಯ ನಡುವೆ ಎಂ ಅಕ್ಷರ ಇರುತ್ತೆ. ಕೆಲವು ನಕಲಿಗಳಲ್ಲಿ ಅದೇ ಜಾಗದಲ್ಲಿ ಮರಳು ಗಡಿಯಾರದಂಥ ಆಕಾರ. ಕಮೆಂಟ್ ನಂಬಿ ಕೋಡ್ ಓದದೇ ಬಿಟ್ಟರೆ ಏನಾಗುತ್ತೆ ಅಂತ ನಮ್ಮ ಕಸುಬಿನವರಿಗೆ ಹೇಳಬೇಕಿಲ್ಲ.

ನೋಡಬೇಕಾದ್ದು ತಟ್ಟೆಯನ್ನೇ. ದೊಡ್ಡ ತಟ್ಟೆಯಾದರೆ ತಳದಲ್ಲಿ ಮೂರೋ ಐದೋ ಮುಳ್ಳು ಚುಚ್ಚಿದಂಥ ಕಲೆ ಇದೆಯಾ? ಕುಲುಮೆಯಲ್ಲಿ ತಳ ಕುಸಿಯದಂತೆ ಕೊಟ್ಟ ಆಸರೆಯ ಗುರುತು ಅದು. ಚೀನಾ ತಟ್ಟೆಗಳಲ್ಲಿ ಸಾಮಾನ್ಯವಾಗಿ ಕಾಣಲ್ಲ. ನೀಲಿ ಎಂಥದು? ಹಳೇ ಕೋಬಾಲ್ಟ್ ಸ್ವಲ್ಪ ಬೂದು, ಒಂದು ಕಡೆ ಗಾಢ, ಇನ್ನೊಂದು ಕಡೆ ತೆಳು. 1870ರ ನಂತರ ಯುರೋಪಿನಿಂದ ಬಂದ ಕೋಬಾಲ್ಟ್ ಕಣ್ಣಿಗೆ ಹೊಡೆಯುವ ನೇರಳೆ ನೀಲಿ. ನನ್ನದು ಕಣ್ಣಿಗೆ ಹೊಡೆಯುತ್ತೆ. ಗೆರೆಗಳೂ ಅಲ್ಲಲ್ಲಿ ತುಂಡು ತುಂಡು. ಕುಂಚ ಹೀಗೆ ನಿಂತು ನಿಂತು ಹೋಗಲ್ಲ. ಇದು ಕಾಗದದ ಅಚ್ಚಿನ ಕೆಲಸ. ಕಿಮೋನೋ ಬಟ್ಟೆಗೆ ಬಣ್ಣ ಹಾಕೋಕೆ ಬಳಸುತ್ತಿದ್ದಂಥ, ಪರ್ಸಿಮನ್ ಕಾಯಿಯ ಒಗರು ರಸ ಹಚ್ಚಿ ಗಟ್ಟಿ ಮಾಡಿದ ಕಾಗದ ಕತ್ತರಿಸಿ ಮಾಡಿದ ಅಚ್ಚು. ನಮ್ಮ ರಂಗೋಲಿ ಅಚ್ಚು ನೆನೆಸಿಕೊಳ್ಳಿ, ಕತ್ತರಿಸಿದ ಜಾಗದ ನಡುವೆ ಸೇತುವೆ ಬಿಡಲೇಬೇಕು, ಗೆರೆ ತುಂಡಾಗಲೇಬೇಕು. ಅಂಚಿನಲ್ಲಿ ಒಂದು ಕಡೆ ಅಚ್ಚು ಸರಿಯಾಗಿ ಕೂರದೆ ಬಳ್ಳಿ ಬಳ್ಳಿಯ ಮೇಲೇ ಹತ್ತಿದೆ. ಎಡೋ ಅಲ್ಲ, ಮೇಯ್ಜಿ ಕಾಲದ್ದು. ರಾಶಿ ರಾಶಿ ಮಾಡಿದ ಅಗ್ಗದ ಸಾಮಾನು.

ಸಂಗ್ರಹಕಾರರ ಶ್ರೇಣಿಯಲ್ಲಿ ಇದಕ್ಕೆ ಕೊನೇ ಬೆಂಚು. ಮೇಲೆ ಕಾಕಿಎಮೊನ್, ಅದು ನ್ಯಾಯ. ಹಾಲಿನ ಬಿಳುಪನ್ನು ಅಷ್ಟು ಖಾಲಿ ಬಿಟ್ಟು, ಒಂದು ಮೂಲೆಯಲ್ಲಿ ಎರಡು ಕ್ವೇಲ್ ಹಕ್ಕಿ ಕೂರಿಸೋಕೆ ಧೈರ್ಯ ಬೇಕು. ಜರ್ಮನಿಯ ಮೈಸೆನ್‌ನವರೂ ಅದನ್ನೇ ನಕಲು ಮಾಡಿದರು. ಆದರೆ ಡಚ್ಚರ ಹಡಗಿಗಾಗಿ ಕೆಂಪು, ನೀಲಿ, ಚಿನ್ನ ಸುರಿದು ತುಂಬಿಸಿದ ಇಮಾರಿ ತಟ್ಟೆಗಳನ್ನು ಯಾಕೆ ಅಷ್ಟು ಎತ್ತರಕ್ಕೆ ಕೂರಿಸಿದ್ದಾರೋ ನನಗಂತೂ ಅರ್ಥವಾಗಿಲ್ಲ. ಕಲ್ಯಾಣ ಮಂಟಪದ ಸ್ಟೇಜಿನ ಹಾಗೆ, ಕಣ್ಣು ಊರಲು ಒಂದಿಂಚು ಜಾಗ ಇಲ್ಲ. ಅವುಗಳೆದುರು ನನ್ನ ಅಚ್ಚಿನ ತಟ್ಟೆ ಎಷ್ಟೋ ವಾಸಿ. ಅಂಚಿನಲ್ಲಿ ಎಡವಿದೆ, ನಿಜ. ಆದರೆ ನಡುವಿನ ಬಳ್ಳಿಗೆ ಉಸಿರಿದೆ, ಮೂರು ಇಡ್ಲಿ ಇಟ್ಟರೂ ಸುತ್ತ ಕಾಣುವಷ್ಟು ಚಿತ್ರವಿದೆ. ಊಟಕ್ಕೆ ಅಂತಲೇ ಯೋಚಿಸಿ ಮಾಡಿದ ತಟ್ಟೆ.

ಇಷ್ಟೆಲ್ಲ ಗೊತ್ತಾಗೋ ಹೊತ್ತಿಗೆ ಗೆಳೆಯನೊಬ್ಬ ತನ್ನ ಹೊಸ ಫ್ಲ್ಯಾಟಿಗೆ ಅದನ್ನು ಹತ್ತು ಸಾವಿರ ರೂಪಾಯಿಗೆ ಕೇಳಿಬಿಟ್ಟಿದ್ದ. ಕಾರಿನ ಕಂತು ಕಟ್ಟೋ ವಾರ ಬೇರೆ. ಎರಡು ದಿನ ಅವನ ಫೋನ್ ಎತ್ತಲಿಲ್ಲ. ಮೂರನೇ ದಿನ ಮನೆಗೇ ಬಂದ. ತಟ್ಟೆ ಕೈಗೆ ಕೊಟ್ಟೆ, ಸೀದಾ ಮಗುಚಿದ. 'ಹಿಂದೆ ಬರೆದಿದೆಯಲ್ಲ ಮಾರಾಯ, ಸಾಕು ಬಿಡು' ಅಂದ. ಮುಂದೆ ತಿರುಗಿಸು ಅಂದೆ. ಬಳ್ಳಿ ಬಳ್ಳಿಯ ಮೇಲೆ ಹತ್ತಿದ ಜಾಗ ತೋರಿಸಿ ಅಚ್ಚಿನ ಕಥೆ ಶುರು ಮಾಡಿದೆ. ಪರ್ಸಿಮನ್ ರಸದವರೆಗೆ ಬರುವಷ್ಟರಲ್ಲೇ ಅವನು ಮೊಬೈಲ್ ನೋಡುತ್ತಿದ್ದ.

ಹೆಂಡತಿ ಷೋಕೇಸಿನ ಬೀಗದ ಕೈ ತಂದುಕೊಟ್ಟು, 'ಹಾಗಾದ್ರೆ ಇದರಲ್ಲಿ ಚಟ್ನಿ ಹಾಕಬಹುದು ತಾನೆ?' ಅಂದಳು. ಬಣ್ಣ ಹೊಳಪಿನ ಕೆಳಗಿದೆ, ಉಜ್ಜಿದರೂ ಹೋಗಲ್ಲ, ಹಾಕು ಅಂದೆ.