ಅಂಗಡಿಯಿಂದ ಹುಟ್ಟಿದ ಪತ್ರಿಕೆ

ರೇಡಿಯೋವನ್ನು ಕೇಳುವುದಕ್ಕಿಂತಲೂ ಬಿಚ್ಚಿ ಜೋಡಿಸುವುದರಲ್ಲಿಯೇ ಅಧಿಕ ಸುಖವನ್ನು ಕಾಣುವ ನಮ್ಮಂತಹವರ ಪಂಥಕ್ಕೆ ಮೂಲಪುರುಷನೊಬ್ಬನನ್ನು ಹೆಸರಿಸಲೇಬೇಕಾದರೆ, ನಾನು ಮಾರ್ಕೋನಿಯನ್ನು ಬಿಟ್ಟು ಹ್ಯೂಗೋ ಗರ್ನ್ಸ್‌ಬ್ಯಾಕನನ್ನು ಹೆಸರಿಸುವೆನು. 1884ರಲ್ಲಿ ಲಕ್ಸೆಂಬರ್ಗಿನಲ್ಲಿ ಜನಿಸಿ, ಜರ್ಮನಿಯ ಬಿಂಗೆನ್ನಿನಲ್ಲಿ ವಿದ್ಯುತ್ ಶಾಸ್ತ್ರವನ್ನು ಅಭ್ಯಸಿಸಿ, ತಾನೇ ನಿರ್ಮಿಸಿದ ಬ್ಯಾಟರಿಯೊಂದನ್ನು ನೆಚ್ಚಿಕೊಂಡು 1904ರಲ್ಲಿ ಅಮೆರಿಕೆಗೆ ಬಂದಿಳಿದ ಆ ತರುಣನಿಗೆ ದಾರಿ ತೆರೆದುದು ಆ ಬ್ಯಾಟರಿಯಲ್ಲ. ಯುರೋಪಿನಿಂದ ಉಪಕರಣಗಳನ್ನು ತರಿಸಿ ನ್ಯೂಯಾರ್ಕಿನಲ್ಲಿ ಮಾರುವ ಒಂದು ಅಂಗಡಿ.

ಅಲ್ಲಿ ಹತ್ತು ಡಾಲರಿಗೂ ಕಡಿಮೆ ಬೆಲೆಗೆ ದೊರೆಯುತ್ತಿದ್ದ 'ಟೆಲಿಮ್ಕೊ' ಎಂಬ ನಿಸ್ತಂತು ಯಂತ್ರದ ಪ್ರಾಣವು ಕೊಹೀರರ್ ಎಂಬ ಗಾಜಿನ ನಳಿಕೆಯಲ್ಲಿತ್ತು: ಪ್ರೇಷಕದ ಕಿಡಿಯಿಂದ ಹೊರಟ ತರಂಗವು ತಾಕಿದೊಡನೆ ಅದರೊಳಗಿನ ಲೋಹದ ಅರಪುಡಿಯು ಪರಸ್ಪರ ಅಂಟಿಕೊಂಡು ವಿದ್ಯುತ್ತಿಗೆ ಹಾದಿಗೊಡುವುದು, ಗಂಟೆ ಬಾರಿಸುವುದು, ಬಳಿಕ ಪುಟ್ಟ ಸುತ್ತಿಗೆಯೊಂದು ನಳಿಕೆಯನ್ನು ತಟ್ಟಿ ಪುಡಿಯನ್ನು ಮತ್ತೆ ಸಡಿಲಗೊಳಿಸುವುದು. ಇಷ್ಟು ಅಗ್ಗದಲ್ಲಿ ಇಂತಹ ಯಂತ್ರವೆಂದರೆ ಮೋಸವೇ ಇರಬೇಕೆಂಬ ದೂರಿನ ಮೇಲೆ ಪೋಲೀಸಿನವನೊಬ್ಬನು ಬಂದು, ಗಂಟೆ ಬಾರಿಸಿದುದನ್ನು ಕಿವಿಯಾರೆ ಕೇಳಿಯೂ, ನಿಸ್ತಂತುವಿಗೆ ಈ ತಂತಿಗಳೆಲ್ಲ ಏಕೆಂದು ಗೊಣಗಿದನೆಂದು ಗರ್ನ್ಸ್‌ಬ್ಯಾಕನೇ ಮುಂದೆ ಹೇಳಿಕೊಳ್ಳುತ್ತಿದ್ದನು. (ಒಳ್ಳೆಯ ಮಾರಾಟಗಾರನ ಕಥೆಗೆ ಒಂದಿಷ್ಟು ಒಗ್ಗರಣೆ ಬಿದ್ದಿರಲೂಬಹುದು.)

ಕೊಂಡವನಿಗೆ ತಿಳಿವಳಿಕೆಯಿಲ್ಲದಿದ್ದರೆ ಸರಕು ಮೂಲೆ ಸೇರುವುದೆಂಬುದನ್ನು ಅರಿತಿದ್ದ ಆ ಎಂಜಿನಿಯರನು 1908ರಲ್ಲಿ 'ಮಾಡರ್ನ್ ಎಲೆಕ್ಟ್ರಿಕ್ಸ್' ಮಾಸಪತ್ರಿಕೆಯನ್ನು ಆರಂಭಿಸಿದನು. 1911ರಲ್ಲಿ ಅದರಲ್ಲಿಯೇ ಧಾರಾವಾಹಿಯಾಗಿ ಮೊದಲುಗೊಂಡ ಅವನ ಕಾದಂಬರಿಯಾದರೋ, ರಾಡಾರಿನ ತತ್ತ್ವವನ್ನು ಮುನ್ನುಡಿದಿತ್ತೆಂಬ ಕೀರ್ತಿಯ ಹೊರತು, ಓದಲು ನೀರಸವೇ ಸರಿ. 1926ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಸ್ಥಾಪಿಸಿ ವೈಜ್ಞಾನಿಕ ಕಥೆಗೆ ಪಿತಾಮಹನೆನಿಸಿದವನ ವಿಷಯದಲ್ಲಿ ಹೀಗೆನ್ನುವುದು ಉದ್ಧಟತನವಾದರೂ ಆಗಲಿ. ಅವನ ನಿಜವಾದ ಪ್ರತಿಭೆಯು ವಿದ್ಯುನ್ಮಂಡಲಗಳ ಚಿತ್ರಗಳಲ್ಲಿತ್ತು. ಎಷ್ಟು ಸುತ್ತು ತಂತಿ, ಯಾವ ದಪ್ಪ, ಎಲ್ಲಿ ಬೆಸುಗೆ ಎಂಬುದನ್ನು ಹಳ್ಳಿಯ ಹುಡುಗನಿಗೂ ಕೈಗೆಟಕುವಂತೆ ಅಚ್ಚುಹಾಕಿಸಿ, ಓದುಗನನ್ನು ಪ್ರೇಕ್ಷಕನ ಪೀಠದಿಂದ ಎಬ್ಬಿಸಿ ಕೆಲಸದ ಮೇಜಿಗೆ ಕರೆತಂದ ಪತ್ರಕರ್ತರಲ್ಲಿ ಅವನಿಗೆ ಸಮಾನರಾದವರನ್ನು ನಾನು ಕಾಣೆನು.

ವಿಲಕ್ಷಣ ಬುದ್ಧಿಗೇನೂ ಕೊರತೆಯಿರಲಿಲ್ಲ: ಸದ್ದಿಗೆ ಏಕಾಗ್ರತೆ ಕೆಡುವುದೆಂದು, ತಲೆಯನ್ನೆಲ್ಲ ಮುಚ್ಚುವ, ಆಮ್ಲಜನಕದ ಕೊಳವೆಯುಳ್ಳ ಮರದ ಶಿರಸ್ತ್ರಾಣವೊಂದನ್ನು 1925ರಲ್ಲಿ ಕಲ್ಪಿಸಿ, ಅದನ್ನು ಧರಿಸಿ ಬರೆಯುತ್ತಿರುವ ಚಿತ್ರವನ್ನೂ ಪ್ರಕಟಿಸಿದನು. 1929ರಲ್ಲಿ ಅವನ ಪ್ರಕಾಶನ ಸಂಸ್ಥೆಯು ದಿವಾಳಿಯೆದ್ದು, ಪತ್ರಿಕೆಗಳೆಲ್ಲ ಪರರ ಪಾಲಾದುವು. ಅದೇ ವರ್ಷ 'ರೇಡಿಯೋ ಕ್ರಾಫ್ಟ್' ಎಂಬ ಹೊಸ ಪತ್ರಿಕೆಯೊಂದು ಅಂಗಡಿಗಳಿಗೆ ಬಂದಿತು, ಸಂಪಾದಕನು ಗರ್ನ್ಸ್‌ಬ್ಯಾಕ್.