ನೋತ್ರ್ ದಾಮ್ ದೇವಾಲಯದ ಜೀರ್ಣೋದ್ಧಾರ: ಒಂದು ವಿಮರ್ಶೆ

ಪೂಜೆ ನಡೆಯುತ್ತಿರುವ ಪುರಾತನ ದೇವಾಲಯವು ಪ್ರದರ್ಶನಶಾಲೆಯಲ್ಲ; ಪೂಜೆಯ ಅಗತ್ಯಗಳಿಗೆ ಅದು ಒಳಪಡಲೇಬೇಕು. ಆದರೆ ಆ ಅಗತ್ಯದ ಮೇರೆ ಯಾವುದು? 2019ರ ಏಪ್ರಿಲ್ 15ರಂದು ಅಗ್ನಿಗೆ ತುತ್ತಾದ ಪ್ಯಾರಿಸ್ಸಿನ ಗೋಥಿಕ್ ಮಹಾದೇವಾಲಯವಾದ ನೋತ್ರ್ ದಾಮ್, 2024ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆರೆಯಿತು. ಅದರ ಜೀರ್ಣೋದ್ಧಾರವು ಈ ಪ್ರಶ್ನೆಯನ್ನು ವಿದ್ವಾಂಸರ ಮುಂದೆ ಸ್ಪಷ್ಟವಾಗಿ ಇಟ್ಟಿದೆ.

ಈ ದೇವಾಲಯದ ಒಳಾಂಗಣವು ಎಂದೂ ಒಂದೇ ಕಾಲದ್ದಾಗಿರಲಿಲ್ಲ. 12ನೆಯ ಶತಮಾನದಲ್ಲಿ ಆರಂಭವಾದ ಕಟ್ಟಡದ ಪೂಜಾಭಾಗವನ್ನು 18ನೆಯ ಶತಮಾನದ ಮೊದಲಲ್ಲಿ ರಾಬೇರ್ ದ ಕೋತ್ ಎಂಬ ಶಿಲ್ಪಿಯು ತನ್ನ ಕಾಲದ ಅಭಿರುಚಿಗೆ ತಕ್ಕಂತೆ ಮಾರ್ಪಡಿಸಿದನು. 19ನೆಯ ಶತಮಾನದಲ್ಲಿ ವಿಯೊಲೆ ಲ ದ್ಯೂಕ್ ಅದಕ್ಕೆ ಮತ್ತೊಂದು ರೂಪವನ್ನು ಕೊಟ್ಟನು. 1962–65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಯಾಜಕನು ಜನರಿಗೆ ಅಭಿಮುಖನಾಗಿ ಬಲಿಪೂಜೆಯನ್ನು ನಡೆಸುವ ಪದ್ಧತಿ ಹರಡಿತು. ಬಲಿಪೀಠವು ಜನರ ಸಮೀಪಕ್ಕೆ ಬಂದಿತು. ಆದುದರಿಂದ ಏನನ್ನೂ ಮುಟ್ಟಬಾರದೆಂಬ ವಾದಕ್ಕೆ ಇತಿಹಾಸದ ಬೆಂಬಲವಿಲ್ಲ.

1989ರಲ್ಲಿ ಸ್ಥಾಪಿತವಾಗಿದ್ದ ಬಲಿಪೀಠವು ಅಗ್ನಿಪ್ರಮಾದದಲ್ಲಿ ನಾಶವಾಯಿತು. ಅದಕ್ಕೆ ಬದಲಾಗಿ ಗಿಯೋಮ್ ಬಾರ್ದೆ ರಚಿಸಿದ ಕಂಚಿನ ಪೀಠವು ಬಂದಿದೆ. ಶುಭ್ರಗೊಂಡ ಕಲ್ಲಿನ ನಡುವೆ ಅದರ ಕಂದುಛಾಯೆಯು ತುಸು ಭಾರವೆನಿಸಬಹುದು. ಆದರೆ ಕಣ್ಣನ್ನು ಪೂಜಾಸ್ಥಾನಕ್ಕೆ ಸೆಳೆಯುವುದೇ ಪೀಠದ ಧರ್ಮ. ಅಲಂಕಾರವನ್ನು ತೊರೆದ ಅದರ ಬಾಗಿದ ಮೈ ಹಳೆಯ ಕಂಬಗಳೊಡನೆ ಸ್ಪರ್ಧಿಸುವುದಿಲ್ಲ. ಇಲ್ಲಿ ಹೊಸತು ಅಗತ್ಯದಿಂದ ಹುಟ್ಟಿದೆ.

ಕಿಟಕಿಗಳ ವಿಷಯ ಬೇರೆ. ದಕ್ಷಿಣಪಾರ್ಶ್ವದ ಆರು ಉಪಮಂದಿರಗಳಲ್ಲಿ ವಿಯೊಲೆ ಲ ದ್ಯೂಕನ ಕಾಲದ ಗಾಜುಗಳು ಬೆಂಕಿಗೆ ಸಿಕ್ಕದೆ ಉಳಿದಿದ್ದವು. ಅವುಗಳನ್ನು ತೆಗೆದು ಹೊಸವನ್ನಿಡುವ ಯೋಜನೆಯನ್ನು 2024ರ ಜುಲೈಯಲ್ಲಿ ಫ್ರಾನ್ಸಿನ ಪ್ರಾಚೀನಸಂಪತ್ತಿನ ರಾಷ್ಟ್ರೀಯ ಮಂಡಲಿಯು ವಿರೋಧಿಸಿತು. ಆದರೂ ಅದೇ ಡಿಸೆಂಬರಿನಲ್ಲಿ ಆ ಕಾರ್ಯಕ್ಕೆ ಚಿತ್ರಕಾರ್ತಿ ಕ್ಲೇರ್ ತಬೂರೆ ಆಯ್ಕೆಯಾದರು. ಪ್ರತಿಯೊಂದು ಕಾಲವೂ ತನ್ನ ಗುರುತನ್ನು ಬಿಟ್ಟಿರುವಾಗ ನಮ್ಮ ಕಾಲಕ್ಕೂ ಆ ಹಕ್ಕುಂಟೆಂಬುದು ಸಮರ್ಥಕರ ಮಾತು. ಈ ಮಾತು ಮೇಲ್ನೋಟಕ್ಕೆ ಬಲವಾದುದು. ಆದರೆ 18ನೆಯ ಶತಮಾನದವರು ಬೆಳಕಿನ ಆಸೆಯಿಂದ ಮಧ್ಯಯುಗದ ಬಣ್ಣದ ಗಾಜುಗಳನ್ನು ಕಿತ್ತು ಬಿಳಿಯ ಗಾಜನ್ನು ಕೂಡಿಸಿದಾಗಲೂ ತಮ್ಮ ಅಭಿರುಚಿಯನ್ನೇ ನಂಬಿದ್ದರು. ಆ ನಷ್ಟವನ್ನು ಇಂದಿಗೂ ತುಂಬಲಾಗಿಲ್ಲ.

ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದೇ ಜೀರ್ಣೋದ್ಧಾರ. ಮೇರೆಯು ಆ ಪದದಲ್ಲಿಯೇ ಅಡಗಿದೆ. ನಾಶವಾದ ಪೀಠದ ಸ್ಥಾನದಲ್ಲಿ ಹೊಸ ಪೀಠವು ಯುಕ್ತ. ಗಟ್ಟಿಯಾಗಿ ಉಳಿದ ಗಾಜನ್ನು ತೆಗೆಯುವುದಕ್ಕೆ, ಹೊಸ ಚಿತ್ರವು ಎಷ್ಟೇ ಸುಂದರವಾಗಿರಲಿ, ಪೂಜೆಯ ಅಗತ್ಯವು ಕಾರಣವಾಗಲಾರದು.