ಸಿಟ್ಟನ್ನು ಓದುವ ಬುದ್ಧಿ

ಅಟ್ಟೂರು ಬಡಾವಣೆಯಿಂದ ಮೆಜೆಸ್ಟಿಕ್ ಕಡೆ ಹೊರಟ ಬೆಳಗಿನ ಬಸ್ಸಿನಲ್ಲಿ ಯಲಹಂಕ ದಾಟುವಷ್ಟರಲ್ಲಿ ಕಾಲೂರಲು ಜಾಗವಿರುವುದಿಲ್ಲ. ಚಿಲ್ಲರೆಗಾಗಿ ದನಿ ಏರಿಸಿದವನ ಟಿಕೆಟ್ಟಿನ ಹಿಂದೆ ಬಾಕಿ ಬರೆದು, 'ಇಳಿಯೋಕ್ ಮುಂಚೆ ಈಸ್ಕೊಳ್ಳಿ ಸಾರ್' ಎಂದು ಕಂಡಕ್ಟರ್ ಮುಂದೆ ಸರಿಯುತ್ತಾರೆ. ಜಗಳ ಅಲ್ಲಿಗೇ ಆರುತ್ತದೆ.

ಡೇನಿಯಲ್ ಗೋಲ್ಮನ್ ಅವರ 'ಎಮೋಷನಲ್ ಇಂಟೆಲಿಜೆನ್ಸ್' (1995) ತೆರೆದುಕೊಳ್ಳುವುದೂ ಬಸ್ಸಿನಲ್ಲೇ. ನ್ಯೂಯಾರ್ಕಿನ ಸುಡುಬಿಸಿಲಲ್ಲಿ ಹತ್ತಿದವರನ್ನೆಲ್ಲ ನಗುನಗುತ್ತ ಮಾತಾಡಿಸುವ ಚಾಲಕನೊಬ್ಬ ಅಲ್ಲಿದ್ದಾನೆ. ಐಕ್ಯೂ ಅಂಕವೇ ಬುದ್ಧಿಯೆಂದು ನಂಬಿದ್ದ ಕಾಲದಲ್ಲಿ ಇಂಥವನ ಜಾಣ್ಮೆಗೂ ಮರ್ಯಾದೆ ತಂದುಕೊಟ್ಟದ್ದು ಆ ಪುಸ್ತಕದ ದೊಡ್ಡ ಉಪಕಾರ. ಆದರೆ ಚಾಲಕನ ನಗುವನ್ನು ಮೆಚ್ಚುವ ಆ ಪುಟಗಳು ಅವನ ಪಾಳಿ ಎಷ್ಟು ಗಂಟೆ, ಸಂಬಳ ಎಷ್ಟು ಎಂದು ಕೇಳುವುದಿಲ್ಲ.

1990ರಲ್ಲಿ ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೊವಿ ಮತ್ತು ಜಾನ್ ಮೇಯರ್ ಭಾವನಾತ್ಮಕ ಬುದ್ಧಿವಂತಿಕೆಯ ಈ ಪರಿಕಲ್ಪನೆಯನ್ನು ಮಂಡಿಸಿದಾಗ ಅದು ಒಂದು ಸಾಮರ್ಥ್ಯವಾಗಿತ್ತು: ತನ್ನ, ಇತರರ ಭಾವನೆಗಳನ್ನು ಗುರುತಿಸಿ, ಅವು ಹೇಳುವುದನ್ನು ಯೋಚನೆಗೆ ಬಳಸಿಕೊಳ್ಳುವುದು. ಗೋಲ್ಮನ್ ಅದಕ್ಕೆ ಛಲ, ಉತ್ಸಾಹ, ಸಂಯಮಗಳನ್ನೂ ಸೇರಿಸಿದರು. ಸದ್ಗುಣಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿದ ಮೇಲೆ, ಗೆದ್ದವರ ಗೆಲುವಿಗೆ ಯಾವುದು ಕಾರಣವೆಂದು ತಿಳಿಯುವುದು ಹೇಗೆ?

ಕಚೇರಿಗಳಿಗೆ ಬರುವ ಹೊತ್ತಿಗೆ ಆ ಚೀಲದಲ್ಲಿ ಸಂಯಮವೊಂದೇ ಉಳಿಯಿತು. ನಾನು ಕೂತಿದ್ದ ಒಂದು ತರಬೇತಿಯಲ್ಲಿ ದಿನವಿಡೀ ಹೇಳಿಕೊಟ್ಟದ್ದು, ಸಿಟ್ಟು ಬಂದರೆ ಉಸಿರೆಳೆದು ಹತ್ತು ಎಣಿಸುವುದನ್ನು. ಸಿಟ್ಟು ಯಾಕೆ ಬಂತೆಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಮೇಲಿನವರು ಆ ಕೋಣೆಗೆ ಬಂದೇ ಇರಲಿಲ್ಲ.

2016ರ ಏಪ್ರಿಲ್ ನೆನಪಾಗುತ್ತದೆ. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಮಂದಿ ರಸ್ತೆಗಿಳಿದರು. ಮಕ್ಕಳ ಫೀಸು, ಮದುವೆ, ಸಾಲ ಎಲ್ಲಕ್ಕೂ ಅವರು ನಂಬಿದ್ದು ಆ ಗಂಟನ್ನೇ. ಬಸ್ಸುಗಳು ಸುಟ್ಟವು, ಪೊಲೀಸರು ಲಾಠಿ ಬೀಸಿದರು. ಆ ಹಿಂಸೆಯನ್ನು ನಾನು ಒಪ್ಪಲಾರೆ. ಆದರೂ ಎರಡೇ ದಿನದಲ್ಲಿ ನಿಯಮ ವಾಪಸಾಯಿತು. ಕಡತಗಳು ಕಾಣದ ಅನ್ಯಾಯವನ್ನು ಆ ಸಿಟ್ಟು ಸರಿಯಾಗಿಯೇ ಕಂಡಿತ್ತು. ಹತ್ತು ಎಣಿಸುವ ತರಬೇತಿಯಲ್ಲಿ ಆ ಹೆಂಗಸರು ನಪಾಸಾಗುತ್ತಿದ್ದರು. ನನ್ನ ಆಕ್ಷೇಪವಿರುವುದು ಇಲ್ಲೇ.

ಒಮ್ಮೆ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಮ್ಮ ಕಂಡಕ್ಟರೂ ಸಿಡುಕಿದರು: 'ಒಳಗ್ ಹೋಗ್ರಪ್ಪ, ಎಷ್ಟು ಸಲ ಹೇಳೋದು!' ಬಸ್ಸು ಗಪ್ಪಾಯಿತು. ಮುಂದಿನ ಸೀಟಿನ ಅಜ್ಜಿ ಚೀಲದಿಂದ ನೀರಿನ ಬಾಟಲಿ ತೆಗೆದು, 'ಬೆಳಗ್ಗೆ ತಿಂಡಿ ತಿಂದ್ಯಾ ಮಗಾ?' ಎಂದರು.